ಮನೆಯಲ್ಲೇ ಕಟ್ಟಿದ ಕಾರಿಗೆ ವೀಲ್ ಕ್ಯಾಪ್ ಕೂರಿಸುವುದು: ಅಳತೆಯಿಂದ ಓಡಿಸಿ ನೋಡುವವರೆಗೆ

ನಾನು ಮಾಡಿದ ಮೊದಲನೇ ವೀಲ್ ಕ್ಯಾಪ್, ಅಂದರೆ ಚಕ್ರದ ಮುಖ ಮುಚ್ಚುವ ತಟ್ಟೆ, ಈಗಲೂ ಪಕ್ಕದವರ ರಾಗಿ ಹೊಲದಲ್ಲೇ ಎಲ್ಲೋ ಬಿದ್ದಿದೆ. ತೋಟದ ದಾರಿಯಲ್ಲಿ ಒಂದು ಸಣ್ಣ ಹಳ್ಳ ಹಾರಿದ ಮೇಲೆ ಟಣ್ ಅಂತ ಶಬ್ದ ಬಂತು. ತಿರುಗಿ ನೋಡಿದರೆ ಕ್ಯಾಪು ನನ್ನ ಕಾರಿಗಿಂತ ಜೋರಾಗಿ ಉರುಳಿಕೊಂಡು ಬದು ದಾಟಿ ಹೋಗುತ್ತಿತ್ತು. ಸಂಜೆವರೆಗೆ ಹುಡುಕಿದೆ, ಸಿಗಲಿಲ್ಲ. ಅದೂ ಸೇರಿ ಇಲ್ಲಿಯವರೆಗೆ ಮೂರು ಸೆಟ್ ಮಾಡಿದ್ದೇನೆ. ಮೂರನೆಯದು ಇವತ್ತಿಗೂ ಅಲುಗಾಡಿಲ್ಲ. ಆ ಮೂರು ಸೆಟ್ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರು ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಹಳೇ ಮಾರುತಿ 800ರ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಚಕ್ರಗಳು. ಅದರ ಮೇಲೆ ಪೈಪಿನ ಚೌಕಟ್ಟು, ಕೈಯಲ್ಲಿ ಬಡಿದ ತಗಡಿನ ಬಾಡಿ. ಎರಡು ಸೀಟು, ಮೇಲೆ ಛಾವಣಿ ಇಲ್ಲ, ನೋಡಲು ಹಳೇ ಕಾಲದ ಕಾರಿನ ಹಾಗೆ. ಇದು ಓಡುವುದು ತೋಟದ ಒಳಗೆ ಮಾತ್ರ. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಯನ್ನು ಸುಮ್ನೆ ರೋಡಿಗೆ ಇಳಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಆಸೆ ಎಷ್ಟೇ ಇರಲಿ, ಗೇಟಿನ ಒಳಗೇ ಇರಿ.

ಯಾವ ಕ್ಯಾಪ್, ಎಲ್ಲಿ ಕಚ್ಚುತ್ತದೆ?

ನಮ್ಮ ಕಡೆ ಎಲ್ಲವನ್ನೂ ವೀಲ್ ಕ್ಯಾಪ್ ಅಂತಲೇ ಕರೆಯುತ್ತೇವೆ. ಆದರೆ ಒಳಗೆ ಜಾತಿ ಬೇರೆ ಬೇರೆ.

ಒಂದು, ನಡುವಿನ ನಟ್‌ಗಳನ್ನು ಮಾತ್ರ ಮುಚ್ಚುವ ಚಿಕ್ಕ ಬೋಗುಣಿ. ಅಂಬಾಸಿಡರ್‌ನ ಹೊಳೆಯುವ ಕ್ಯಾಪ್ ನೆನಪಿದೆಯಲ್ವಾ, ಅಂಥದ್ದು. ಇವುಗಳಲ್ಲಿ ಕಚ್ಚುವ ಏರ್ಪಾಡು ಸಾಮಾನ್ಯವಾಗಿ ಚಕ್ರದಲ್ಲೇ ಇರುತ್ತದೆ. ಮಾರಿಸ್ ಮೈನರ್ ಕಾರಿನಲ್ಲಿ ಡಿಸ್ಕ್ ಮೇಲೆ, ಅಂದರೆ ಟಯರ್ ಬಿಟ್ಟು ಉಳಿದ ಕಬ್ಬಿಣದ ಚಕ್ರದ ಮೇಲೆ, ಉಬ್ಬಿದ ಗುಬುಟುಗಳು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಫ್ಯಾಕ್ಟರಿಯಲ್ಲೇ ರಿವೆಟ್ ಹೊಡೆದ ಸ್ಪ್ರಿಂಗ್ ಕ್ಲಿಪ್‌ಗಳು. ನಿಮ್ಮ ಚಕ್ರದಲ್ಲಿ ಇವು ಇಲ್ಲದಿದ್ದರೆ ಆ ಕ್ಯಾಪ್ ಎಷ್ಟು ಚೆಂದವಿದ್ದರೂ ನಿಮಗೆ ಕೆಲಸಕ್ಕೆ ಬರುವುದಿಲ್ಲ.

ಎರಡು, ರಿಮ್ಮನ್ನು ಪೂರ್ತಿ ಮುಚ್ಚುವ ದೊಡ್ಡ ಕವರ್. ಇದರಲ್ಲಿ ಸ್ಪ್ರಿಂಗ್ ಹಲ್ಲುಗಳು ಕವರಿನ ಹಿಂದೆಯೇ ಇರುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಕಾಲುಗಳ ಒಳಗೆ ಒಂದು ತಂತಿ ಬಳೆ ಇದ್ದು, ಅದು ಕಾಲುಗಳನ್ನು ಹೊರಗೆ ಒತ್ತುತ್ತದೆ. ಚಕ್ರಕ್ಕೆ ಏನೂ ಮಾಡಬೇಕಿಲ್ಲ.

ಮೂರು, ವೀಲ್ ನಟ್‌ಗಳ ಕೆಳಗೇ ಸಿಕ್ಕಿಸುವ ಕ್ಯಾಪ್. ಕಂಪನಿಯವರು ಲೆಕ್ಕ ಹಾಕಿ ಮಾಡಿದ್ದಾದರೆ ಸರಿ. ಮನೆಯಲ್ಲಿ ಮಾಡಬೇಡಿ. ನಟ್ಟಿನ ಕೆಳಗೆ ಒಂದು ತೆಳ್ಳಗಿನ ತಗಡು ಸೇರಿದರೆ ನಟ್ಟಿನ ಕೋನು ಡಿಸ್ಕಿನ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ತಗಡು ದಿನ ಕಳೆದಂತೆ ಚಪ್ಪಟೆಯಾಗುತ್ತದೆ, ನಟ್ಟು ಸಡಿಲವಾಗುತ್ತದೆ. ಶೋಕಿಗೆ ಹಾಕಿದ ಕ್ಯಾಪ್ ಚಕ್ರವನ್ನೇ ಕಳಚಿಸಬಾರದು.

ಇನ್ನೊಂದು ದಾರಿ, ಅಂಚಿಗೆ ಸ್ಕ್ರೂ ಹೊಡೆದು ಚಪ್ಪಟೆ ಅಲ್ಯೂಮಿನಿಯಂ ತಟ್ಟೆ ಕೂರಿಸುವುದು. ಅಮೆರಿಕದಲ್ಲಿ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಸ್ಪೀಡ್ ರೆಕಾರ್ಡ್‌ಗೆ ಓಡುವವರು ಗಾಳಿಯ ತಡೆ ಕಡಿಮೆ ಮಾಡಲು ಹೀಗೆ ಮಾಡುತ್ತಿದ್ದರು. ಅವಕ್ಕೆ ಮೂನ್ ಡಿಸ್ಕ್ ಅಂತಲೇ ಹೆಸರು. ನೋಡಲು ಅದ್ಭುತ. ಆದರೆ ರಿಮ್ಮಿನಲ್ಲಿ ತಪ್ಪು ಜಾಗಕ್ಕೆ ಡ್ರಿಲ್ ಹೋದರೆ ಟ್ಯೂಬ್‌ಲೆಸ್ ಟಯರಿನ ಗಾಳಿ ಹೋಯಿತು ಅಂತಲೇ ಲೆಕ್ಕ. ಬಿರುಕು ಹುಟ್ಟುವುದೂ ಇಂಥ ತೂತಿನಿಂದಲೇ. ನಾನು ರಿಮ್ಮಿಗೆ ಡ್ರಿಲ್ ಮುಟ್ಟಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಹಾಗಾಗಿ ನನ್ನ ಆಯ್ಕೆ ಎರಡನೆಯದು: ತಗಡಿನ ದೊಡ್ಡ ಕ್ಯಾಪ್, ಹಿಂದೆ ಸ್ಪ್ರಿಂಗ್ ಹಲ್ಲು. ಕ್ಯಾಪಿನ ಚೆಂದಕ್ಕಿಂತ ಅದು ಕಚ್ಚುವ ಜಾಗದ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಿ. ನಾನು ಮೊದಲನೇ ಸಲ ಉಲ್ಟಾ ಮಾಡಿದ್ದೆ. ಪಾಲಿಶ್ ಮಾಡಲು ಎರಡು ದಿನ, ಕ್ಲಿಪ್ ಮಾಡಲು ಅರ್ಧ ಗಂಟೆ.

ಚಕ್ರ ನೋಡಿ, ಅಳೆಯಿರಿ

ಚಕ್ರ ಬಿಚ್ಚಿ, ತೊಳೆದು, ತಂತಿ ಬ್ರಷ್‌ನಲ್ಲಿ ಉಜ್ಜಿ. ನಟ್ ಕೂರುವ ತೂತುಗಳ ಸುತ್ತ ಬಿರುಕು ಇದೆಯಾ ನೋಡಿ. ಇದ್ದರೆ ವೆಲ್ಡಿಂಗ್ ಮಾಡಿಸಬೇಡಿ, ಬೇರೆ ಡಿಸ್ಕ್ ತನ್ನಿ. ಅಂಚು ಸೊಟ್ಟಗಿದ್ದರೆ ಕ್ಯಾಪ್ ಎಷ್ಟು ನೇರ ಕೂರಿಸಿದರೂ ತೂಗಾಡಿದಂತೆ ಕಾಣುತ್ತದೆ. ಪರೀಕ್ಷೆ ಸುಲಭ. ಕಾರನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಒಂದು ತಂತಿಯ ತುದಿ ರಿಮ್ಮಿನ ಅಂಚಿಗೆ ತಾಗೀ ತಾಗದಂತೆ ಇಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಂದು ಒಂದು ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಏರಿಳಿದರೆ ಮೊದಲು ಡಿಸ್ಕ್ ಬೆಂಡ್ ತೆಗೆಸಿ.

ಈಗ ಅಳತೆ. ಮಾರುತಿ 800ರದ್ದು 12 ಇಂಚಿನ ಚಕ್ರ. ಅಂಗಡಿಯಲ್ಲಿ 12 ಇಂಚಿನ ಕ್ಯಾಪ್ ಅಂತ ಕೇಳಬಹುದು, ಕೊಡುತ್ತಾರೆ. ಆದರೆ ಆ 12 ಇಂಚು, ಅಂದರೆ 304.8 ಮಿ.ಮೀ., ಟಯರ್ ಕೂರುವ ಹೊರಮೈಯ ಅಳತೆ. ಕ್ಲಿಪ್ ಕಚ್ಚುವುದು ಒಳಮೈಗೆ. ತಗಡಿನ ದಪ್ಪ ಎರಡೂ ಕಡೆ ಕಳೆಯಬೇಕು. ತಗಡು ಎರಡೂವರೆ ಮಿ.ಮೀ. ಇದ್ದರೆ ಒಳಗೆ ಸುಮಾರು 300 ಮಿ.ಮೀ. ಸಿಗುತ್ತದೆ. ಇದನ್ನೂ ನಂಬಬೇಡಿ, ನಿಮ್ಮ ರಿಮ್ಮನ್ನೇ ಅಳೆಯಿರಿ. ಮೂರು ದಿಕ್ಕಿನಲ್ಲಿ ಅಳೆದು ಬರೆದುಕೊಳ್ಳಿ. ಹಳೇ ಡಿಸ್ಕ್‌ಗಳು ಪೂರ್ತಿ ಗುಂಡಗಿರುವುದು ಅಪರೂಪ.

ಅಂಚಿನಿಂದ ಸ್ವಲ್ಪ ಒಳಗೆ ಬೆರಳಾಡಿಸಿದರೆ ಸುತ್ತಲೂ ಒಂದು ಮೆಟ್ಟಿಲು ಸಿಗುತ್ತದೆ. ಅದೇ ಕಚ್ಚುವ ಜಾಗ. ಅಂಚಿನಿಂದ ಆ ಮೆಟ್ಟಿಲು ಎಷ್ಟು ಆಳದಲ್ಲಿದೆ ಅಂತ ವರ್ನಿಯರ್ ಕ್ಯಾಲಿಪರ್ ಅನ್ನುವ ಅಳತೆ ಸಾಧನದ ಬಾಲದಿಂದ (ತುದಿಯಲ್ಲಿ ಹೊರಗೆ ಬರುವ ಸಣ್ಣ ಕಡ್ಡಿ) ಅಳೆಯಿರಿ. ಕ್ಲಿಪ್ಪಿನ ಉದ್ದ ನಿರ್ಧಾರ ಆಗುವುದು ಇದರ ಮೇಲೆ.

ಮೂರನೇ ಅಳತೆ ಒಳಗೆ ಎಷ್ಟು ಜಾಗ ಇದೆ ಅನ್ನುವುದು. ರಿಮ್ಮಿನ ಮೇಲೆ ನೇರವಾದ ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ನಟ್‌ಗಳ ತಲೆಗೆ, ನಡುವಿನ ಆಕ್ಸಲ್ ತುದಿಗೆ ಎಷ್ಟು ದೂರ ಅಂತ ನೋಡಿ. ಮಾರುತಿ 800ರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಆದ್ದರಿಂದ ಮುಂದೆ ಆಕ್ಸಲ್ ತುದಿ, ನಟ್ಟು, ಆ ನಟ್ಟು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಎಲ್ಲ ನಡುವೆ ಚಾಚಿಕೊಂಡಿರುತ್ತವೆ. ಹಿಂದಕ್ಕೆ ಸರಿಹೋದ ಕ್ಯಾಪ್ ಮುಂದಕ್ಕೆ ತಾಗಬಹುದು. ನಾಲ್ಕೂ ಕಡೆ ಅಳೆಯಿರಿ. ಬೇರಿಂಗಿನ ಚಿಕ್ಕ ಗ್ರೀಸ್ ಕ್ಯಾಪ್ ಇರುವ ಕಡೆ ಅದನ್ನು ತೆಗೆದು ಜಾಗ ಮಾಡಿಕೊಳ್ಳುವ ಬುದ್ಧಿವಂತಿಕೆ ಬೇಡ. ಧೂಳಿನಿಂದ ಬೇರಿಂಗ್ ಕಾಯುವುದು ಅದೇ.

ಕ್ಯಾಪ್ ಎಲ್ಲಿಂದ ತರುವುದು?

ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ. ಬೇರೆ ಊರಿನಲ್ಲೂ ಗುಜರಿ ಅಂಗಡಿ ಇದ್ದೇ ಇರುತ್ತದೆ. ಚಕ್ರವನ್ನೇ ಜೊತೆಗೆ ತೆಗೆದುಕೊಂಡು ಹೋಗಿ, ಅಲ್ಲೇ ಕೂರಿಸಿ ನೋಡಿ. ಅಷ್ಟು ಭಾರ ಹೊರಲು ಆಗದಿದ್ದರೆ ರಿಮ್ಮಿನ ಒಳ ಅಳತೆಗೆ ರಟ್ಟಿನಲ್ಲಿ ಒಂದು ಬಿಲ್ಲೆ ಕತ್ತರಿಸಿ ಒಯ್ಯಿರಿ.

ನನಗೆ ಬೇಕಾದ ಆಕಾರ ಎಲ್ಲೂ ಸಿಗಲಿಲ್ಲ. ಕೊನೆಗೆ ಅಲ್ಯೂಮಿನಿಯಂ ಪಾತ್ರೆ ಮಾಡುವವರ ಹತ್ತಿರ ಹೋದೆ. ಪಾತ್ರೆ ಮುಚ್ಚಳಕ್ಕೂ ವೀಲ್ ಕ್ಯಾಪಿಗೂ ಏನು ವ್ಯತ್ಯಾಸ ಹೇಳಿ? ತಗಡಿನ ಬಿಲ್ಲೆಯನ್ನು ಲೇತಿನಲ್ಲಿ ಅಚ್ಚಿಗೆ ಒತ್ತಿ ತಿರುಗಿಸುತ್ತಾರೆ. ಉದ್ದ ಹಿಡಿಯ ಒಂದು ಸಲಾಕೆಯಿಂದ ತಗಡನ್ನು ನಿಧಾನಕ್ಕೆ ಅಚ್ಚಿನ ಮೇಲೆ ಮಲಗಿಸುತ್ತಾರೆ. ಇದಕ್ಕೆ ಸ್ಪಿನ್ನಿಂಗ್ ಅನ್ನುತ್ತಾರೆ. ಅಚ್ಚನ್ನು ಗಟ್ಟಿ ಮರದಲ್ಲಿ ನಾನೇ ಕಡೆಸಿಕೊಂಡು ಹೋಗಿದ್ದೆ. ನಾಲ್ಕೇ ಕ್ಯಾಪಿಗೆ ಮರದ ಅಚ್ಚು ಧಾರಾಳ ಸಾಕು. ತಗಡು 1.2 ಮಿ.ಮೀ. ತೆಗೆದುಕೊಂಡೆ. ಒಂದಕ್ಕಿಂತ ತೆಳುವಾದರೆ ಕ್ಲಿಪ್ಪಿನ ಒತ್ತಡಕ್ಕೆ ಅಂಚು ಅಲೆ ಅಲೆಯಾಗುತ್ತದೆ. ಸ್ಟೀಲ್ ಬೇಕು ಅಂತ ಕೇಳಿದರೆ ಮುಖ ಸಿಂಡರಿಸುತ್ತಾರೆ. ಅದು ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ಅವರ ತಪ್ಪಲ್ಲ.

ಅಲ್ಯೂಮಿನಿಯಂ ಕೂಡ ಬಡಿದರೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಅಂಚು ಮಡಿಸುವಾಗ ಬಿರುಕು ಬಂದರೆ ಅದನ್ನು ಮೆತ್ತಗೆ ಮಾಡಲು ಹಳೇ ಉಪಾಯ ಒಂದಿದೆ. ಬಟ್ಟೆ ಸೋಪನ್ನು ಒಣದಾಗಿ ತಗಡಿನ ಮೇಲೆ ಉಜ್ಜಿ, ಹಿಂದಿನಿಂದ ಗ್ಯಾಸ್ ಟಾರ್ಚ್ ಹಿಡಿಯಿರಿ. ಸೋಪು ಕಪ್ಪಾದ ಕೂಡಲೇ ಬೆಂಕಿ ತೆಗೆಯಿರಿ. ಅಲ್ಯೂಮಿನಿಯಂ ಕೆಂಪಾಗಿ ಸೂಚನೆ ಕೊಡುವುದಿಲ್ಲ, ನೇರವಾಗಿ ಕರಗಿ ಬಿದ್ದುಬಿಡುತ್ತದೆ. ಸೋಪೇ ನಮಗೆ ಥರ್ಮಾಮೀಟರು.

ಕ್ಲಿಪ್: ಇಲ್ಲಿ ಅವಸರ ಬೇಡ

ನಾನು ಬಳಸಿದ್ದು ಅರ್ಧ ಮಿ.ಮೀ. ದಪ್ಪ, 15 ಮಿ.ಮೀ. ಅಗಲದ ಸ್ಪ್ರಿಂಗ್ ಸ್ಟೀಲ್ ಪಟ್ಟಿ. ಮೊದಲನೇ ಸೆಟ್‌ಗೆ ಸಾದಾ ಕಬ್ಬಿಣದ ಪಟ್ಟಿ ಹಾಕಿದ್ದೆ. ಅದು ಬಗ್ಗುತ್ತದೆ, ವಾಪಸ್ ಬರುವುದಿಲ್ಲ. ರಾಗಿ ಹೊಲದ ಕಥೆಗೆ ಅದೇ ಕಾರಣ. ಹ್ಯಾಕ್ಸಾ ಬ್ಲೇಡ್ ಕತ್ತರಿಸಿ ಮಾಡುವವರೂ ಇದ್ದಾರೆ. ಬಗ್ಗಿಸುವಾಗ ಪಟ್ಟಂತ ಮುರಿಯುತ್ತದೆ, ಬೇಡ.

ಆಕಾರ ಹೀಗೆ. ಪಟ್ಟಿಯ ಒಂದು ತುದಿ ಕ್ಯಾಪಿನ ಹಿಂಬದಿಗೆ ಚಪ್ಪಟೆಯಾಗಿ ಅಂಟಿಕೊಂಡಿರಬೇಕು. ಅಲ್ಲಿಂದ ಪಟ್ಟಿ ಕಾರಿನ ಕಡೆಗೆ ನೇರ ಎದ್ದು ನಿಲ್ಲುತ್ತದೆ. ತುದಿ ಮಾತ್ರ ಹಿಂದಕ್ಕೆ ಮಡಚಿ, ಹೊರಗೆ ಓರೆಯಾಗಿ ಚಾಚಬೇಕು, ಮೀನಿನ ಗಾಳದ ಮುಳ್ಳಿನ ಹಾಗೆ. ಒಳಗೆ ತಳ್ಳುವಾಗ ಓರೆ ಮೈ ರಿಮ್ಮಿನ ಮೇಲೆ ಜಾರುತ್ತದೆ. ಹೊರಗೆ ಎಳೆದರೆ ತುದಿ ಮೆಟ್ಟಿಲಿಗೆ ಚುಚ್ಚಿಕೊಳ್ಳುತ್ತದೆ. ಎಳೆದಷ್ಟೂ ಜಾಸ್ತಿ ಕಚ್ಚಬೇಕು. ನಿಮ್ಮ ಕ್ಲಿಪ್ ಎಳೆದಾಗ ಒಳಕ್ಕೆ ಮಡಚಿಕೊಳ್ಳುತ್ತಿದ್ದರೆ ಓರೆ ತಪ್ಪು ಕಡೆಗಿದೆ ಅಂತ ಅರ್ಥ.

ಬಾಗು ಚೂಪಾಗಿ ಮಾಡಬೇಡಿ. ಎರಡು ಮಿ.ಮೀ. ದಪ್ಪದ ಕಂಬಿಯ ಸುತ್ತ ಬಗ್ಗಿಸಿ. ರಿವೆಟ್ ತೂತಿಗೆ ಡ್ರಿಲ್ ಇಳಿಯದಿದ್ದರೆ ಆ ತುದಿಯನ್ನು ಮಾತ್ರ ಕೆಂಪಗೆ ಕಾಯಿಸಿ, ತಾನಾಗಿ ಆರಲು ಬಿಡಿ. ಆಗ ಮೆತ್ತಗಾಗುತ್ತದೆ. ಬಿಸಿ ಬಾಗಿನವರೆಗೆ ಹೋಗಬಾರದು, ಹೋದರೆ ಸ್ಪ್ರಿಂಗ್ ಸತ್ತಿತು. ನಡುವೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ.

12 ಇಂಚಿನ ಚಕ್ರಕ್ಕೆ ಎಂಟು ಕ್ಲಿಪ್ ಹಾಕಿ. ಆರು ಸಾಕು ಅನ್ನುವವರಿದ್ದಾರೆ, ನಮ್ಮ ದಾರಿಗಳಿಗೆ ನಾನು ಎಂಟು ಅನ್ನುತ್ತೇನೆ. ಎಂಟೂ ತುದಿಗಳನ್ನು ಸೇರಿಸುವ ವೃತ್ತ ರಿಮ್ಮಿನ ಒಳ ಅಳತೆಗಿಂತ ಮೂರು ನಾಲ್ಕು ಮಿ.ಮೀ. ದೊಡ್ಡದಿರಲಿ. ನಾನು ಹೇಳುತ್ತಿರುವುದು ಅಡ್ಡಗಲದ ಲೆಕ್ಕ. ಅಂದರೆ ಒಂದೊಂದು ಕ್ಲಿಪ್ ಒಂದೂವರೆಯಿಂದ ಎರಡು ಮಿ.ಮೀ. ಒಳಗೆ ಬಗ್ಗಿ ಕೂರುತ್ತದೆ. ಇದಕ್ಕಿಂತ ಕಡಿಮೆಯಾದರೆ ಹಿಡಿತ ಸಾಲದು. ಜಾಸ್ತಿಯಾದರೆ ಕೂರಿಸುವಾಗ ಕ್ಯಾಪೇ ಬಾಗುತ್ತದೆ. ಮೊದಲು ಎದುರುಬದುರಾಗಿ ನಾಲ್ಕೇ ಹಾಕಿ, ಕೂರಿಸಿ, ತೆಗೆದು, ಅಳತೆ ತಿದ್ದಿಕೊಂಡು ಉಳಿದ ನಾಲ್ಕು ಹಾಕಿ.

ರಿವೆಟ್ ಅಲ್ಯೂಮಿನಿಯಂದೇ ಇರಲಿ, ಕ್ಲಿಪ್ ಕಡೆ ಒಂದು ವಾಷರ್ ಕೊಡಿ. ಕಬ್ಬಿಣ, ಅಲ್ಯೂಮಿನಿಯಂ ಎರಡೂ ನೇರ ತಾಗಿಕೊಂಡು ನೀರು ಬಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವೆ ಪ್ರೈಮರ್ ಬಳಿದು ಒಣಗಿಸಿ ಆಮೇಲೆ ರಿವೆಟ್ ಹೊಡೆಯಿರಿ.

ವಾಲ್ವ್, ಗಾಳಿ, ಚೂಪು

ಕ್ಯಾಪ್ ಬಿದ್ದುಹೋಗುವುದು ಎಲ್ಲರಿಗೂ ಗೊತ್ತು. ಅದು ಸುತ್ತಿಕೊಳ್ಳುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಬ್ರೇಕಿಗೆ, ಪ್ರತಿ ಸಲ ಹೊರಡುವಾಗ ಕ್ಯಾಪು ಕೂದಲೆಳೆಯಷ್ಟು ಜರುಗುತ್ತದೆ. ಹೀಗೆ ಜರುಗುತ್ತಾ ತೂತಿನ ಅಂಚು ವಾಲ್ವಿಗೆ ಬಂದು ಒರಗುತ್ತದೆ. ತಗಡಿನ ಅಂಚು ರಬ್ಬರ್ ವಾಲ್ವನ್ನು ಕತ್ತರಿಸಲು ಹೆಚ್ಚು ದಿನ ಬೇಡ. ನನ್ನ ಎರಡನೇ ಸೆಟ್ ಹೀಗೆ ಒಂದು ಟಯರಿನ ಗಾಳಿ ತೆಗೆಯಿತು.

ಪರಿಹಾರ ಎರಡು, ಎರಡನ್ನೂ ಮಾಡಿ. ವಾಲ್ವ್ ತೂತು ಸುತ್ತ ಮೂರು ಮಿ.ಮೀ. ಸಡಿಲ ಇರಲಿ, ಅದಕ್ಕೆ ವೈರ್ ಹಾಯಿಸುವ ತೂತಿಗೆ ಹಾಕುವಂಥ ರಬ್ಬರ್ ಬಳೆ (ಗ್ರಾಮೆಟ್) ಹಾಕಿ. ಜೊತೆಗೆ ಕ್ಯಾಪಿನ ಹಿಂದೆ ಒಂದು ಗಟ್ಟಿ ನಾಲಿಗೆ ರಿವೆಟ್ ಮಾಡಿ, ಅದು ಡಿಸ್ಕಿನಲ್ಲಿರುವ ಗಾಳಿ ತೂತಿನೊಳಗೆ ಹೋಗಿ ನಿಲ್ಲುವ ಹಾಗೆ. ಸುತ್ತುವ ಒತ್ತಡ ನಾಲಿಗೆಗೆ ಬೀಳಲಿ, ವಾಲ್ವಿಗೆ ಬೇಡ.

ಡಿಸ್ಕಿನಲ್ಲಿ ಆ ತೂತುಗಳು ಇರುವುದು ಅಂದಕ್ಕಲ್ಲ, ಬ್ರೇಕಿನ ಬಿಸಿ ಹೊರಗೆ ಹೋಗಲು. ನೀವು ತಟ್ಟೆ ಮುಚ್ಚಿದರೆ ಬಿಸಿಗೆ ದಾರಿ ಇಲ್ಲ. ಡಿಸ್ಕಿನ ತೂತುಗಳೆಲ್ಲ ಸೇರಿ ಎಷ್ಟು ಜಾಗವೋ ಹೆಚ್ಚು ಕಡಿಮೆ ಅಷ್ಟನ್ನು ಕ್ಯಾಪಿನಲ್ಲೂ ಬಿಡಿ. ನಾನು ಅಂಚಿನ ಸುತ್ತ ಉದ್ದುದ್ದ ಸೀಳು ಕೊಟ್ಟಿದ್ದೇನೆ. ಮಳೆಗಾಲದ ಕೆಸರು ನೀರೂ ಅದರಲ್ಲೇ ಇಳಿದುಹೋಗುತ್ತದೆ.

ಹಳೇ ರೇಸ್ ಕಾರುಗಳ ನಡುವಿನ ರೆಕ್ಕೆ ನಟ್ಟಿನ ಆಸೆ ನನಗೂ ಇತ್ತು. ಬೇಡ ಅಂತ ಬಿಟ್ಟೆ. ತಿರುಗುವ ಚಕ್ರದಿಂದ ಹೊರಗೆ ಚಾಚಿದ ರೆಕ್ಕೆ, ದಾರಿ ಬದಿ ನಿಂತವರ ಕಾಲಿಗೆ ಕತ್ತಿ ಇದ್ದ ಹಾಗೆ. ಅಮೆರಿಕದಲ್ಲಿ 1968ರ ಜನವರಿಯಿಂದ ಹೊಸ ಕಾರುಗಳಲ್ಲಿ ಇಂಥ ರೆಕ್ಕೆಗಳನ್ನು ನಿಷೇಧಿಸಿದ್ದರು. ಯುರೋಪಿನ ಕಾರುಗಳಿಗೆ ಅನ್ವಯವಾಗುವ ವಿಶ್ವಸಂಸ್ಥೆಯ 26ನೇ ನಿಯಮವೂ ರೆಕ್ಕೆ ನಟ್ ಕೂಡದು ಅನ್ನುತ್ತದೆ. ಚೂಪಾದ ಯಾವುದೂ ರಿಮ್ಮಿನ ಹೊರ ಮಟ್ಟ ದಾಟಬಾರದು ಅಂತಲೂ ಅದರಲ್ಲಿದೆ. ತೋಟದಲ್ಲಿ ಕೇಳುವವರಿಲ್ಲ, ನಿಜ. ಆದರೆ ನಮ್ಮ ಮನೆಯ ಮಕ್ಕಳು ಓಡಾಡುವುದು ಆ ತೋಟದಲ್ಲೇ.

ಚಪಾತಿ ಹಿಟ್ಟಿನ ಪರೀಕ್ಷೆ

ಕ್ಯಾಪ್ ಒಳಗೆ ಎಲ್ಲಾದರೂ ತಾಗುತ್ತದಾ ಅಂತ ಕಣ್ಣಿಗೆ ಕಾಣುವುದಿಲ್ಲ. ಅಡುಗೆಮನೆಯಿಂದ ಒಂದು ಉಂಡೆ ಚಪಾತಿ ಹಿಟ್ಟು ತನ್ನಿ. ಸಣ್ಣ ಉಂಡೆಗಳನ್ನು ನಟ್‌ಗಳ ಮೇಲೆ, ಆಕ್ಸಲ್ ತುದಿಯ ಮೇಲೆ ಅಂಟಿಸಿ. ಕ್ಯಾಪಿನ ಒಳಮೈಗೆ ಎಣ್ಣೆ ಸವರಿ, ಕೂರಿಸಿ, ತೆಗೆಯಿರಿ. ಚಪ್ಪಟೆಯಾದ ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಅಲ್ಲಿರುವ ಸಂದು. ಐದು ಮಿ.ಮೀ.ಗಿಂತ ಕಡಿಮೆ ಇದ್ದರೆ ಕ್ಯಾಪಿನ ಹೊಟ್ಟೆ ಇನ್ನಷ್ಟು ಉಬ್ಬಬೇಕು. ಆ ಹಿಟ್ಟನ್ನು ವಾಪಸ್ ಡಬ್ಬಕ್ಕೆ ಹಾಕಬೇಡಿ. ನಾನು ಹಾಕಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಬ್ಯಾಲೆನ್ಸ್

ಮಾರುತಿ 800ರ 145/70 ಆರ್ 12 ಟಯರಿನ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳು ಸುತ್ತು ಹಾಕುತ್ತದೆ. ಕ್ಯಾಪಿನ ಅಂಚಿನಲ್ಲಿ ಒಂದು ಕಡೆ 10 ಗ್ರಾಂ ಜಾಸ್ತಿ ಇದ್ದರೆ ಆಗ ಅದು ಚಕ್ರವನ್ನು ಸುಮಾರು 300 ಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತದೆ. ವೇಗ 80ಕ್ಕೆ ಹೋದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 1.2 ಕೆ.ಜಿ. ಹತ್ತಿರ. ಹಾಗಾಗಿ ಕ್ಲಿಪ್‌ಗಳನ್ನು ಸಮ ದೂರದಲ್ಲಿ ಹಾಕಿ. ನಾಲಿಗೆ ಹಾಕಿದ ಕಡೆಗೆ ಎದುರಾಗಿ ಅಷ್ಟೇ ತೂಕದ ಒಂದು ತುಂಡು ರಿವೆಟ್ ಮಾಡಿ. ಕ್ಯಾಪನ್ನು ನಡುವಿನಲ್ಲಿ ಮೊಳೆ ತುದಿಯ ಮೇಲೆ ನಿಲ್ಲಿಸಿದರೆ ಯಾವ ಕಡೆ ವಾಲುತ್ತದೆ ಅಂತ ಗೊತ್ತಾಗುತ್ತದೆ.

ಚಕ್ರದ ಬ್ಯಾಲೆನ್ಸಿಂಗ್ ಕ್ಯಾಪ್ ಇಲ್ಲದೆ ಮಾಡಿಸಿ. ಹೊರ ಅಂಚಿಗೆ ಬಡಿಯುವ ಸೀಸದ ತೂಕ ಹಾಕಿದರೆ ಕ್ಯಾಪ್ ಅಲ್ಲಿ ಎದ್ದು ನಿಲ್ಲುತ್ತದೆ. ಒಳಗೆ ಅಂಟಿಸುವ ಪಟ್ಟಿ ತೂಕ ಹಾಕಿ ಅಂತ ಮೊದಲೇ ಹೇಳಿ.

ಕೂರಿಸುವುದು

ವೀಲ್ ನಟ್‌ಗಳನ್ನು ಎದುರುಬದುರಾಗಿ, ಗಾಡಿಯ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ. ಕ್ಯಾಪ್ ಹಾಕದೆ ಒಂದು 50 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಿ. ಕ್ಯಾಪ್ ಮುಚ್ಚಿದ ಮೇಲೆ ಸಡಿಲ ನಟ್ಟು ಕಣ್ಣಿಗೆ ಬೀಳುವುದಿಲ್ಲ.

ವಾಲ್ವ್ ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ. ಮೊದಲು ವಾಲ್ವ್ ತೂತಿಗೆ, ನಾಲಿಗೆ ಗಾಳಿ ತೂತಿಗೆ. ಆ ಕಡೆಯ ಎರಡು ಕ್ಲಿಪ್ ಅಂಗೈಯಿಂದ ಒತ್ತಿ ಕೂರಿಸಿ, ಮಂಡಿ ಕೊಟ್ಟು ಹಿಡಿದುಕೊಳ್ಳಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು ಅಂತ ಮೇಲಕ್ಕೆ ಬನ್ನಿ. ಕೊನೆಯ ಎರಡು ಕೈಗೆ ಬಗ್ಗುವುದಿಲ್ಲ, ರಬ್ಬರ್ ಸುತ್ತಿಗೆಯಿಂದ ಕ್ಲಿಪ್ ಇರುವ ಜಾಗಕ್ಕೇ ತಟ್ಟಿ. ನಡುವಿಗೆ ಹೊಡೆದರೆ ಹೊಟ್ಟೆ ಕುಳಿ ಬೀಳುತ್ತದೆ. ಒಂದೊಂದು ಕೂತಾಗಲೂ ಟಕ್ ಅಂತ ಕೇಳುತ್ತದೆ, ಎಂಟು ಸಲ ಎಣಿಸಿ. ಕಡೆಗೆ ಸೀಳಿನಿಂದ ಡಿಸ್ಕಿನ ತೂತಿಗೆ ಒಂದು ಕಪ್ಪು ಕೇಬಲ್ ಟೈ ಹಾಯಿಸಿ ಬಿಗಿಯಿರಿ. ಊರಲ್ಲಿ ಕ್ಯಾಬ್‌ನವರೆಲ್ಲ ಮಾಡುವುದು ಇದನ್ನೇ. ಕ್ಲಿಪ್ ಕೈಕೊಟ್ಟರೂ ಕ್ಯಾಪ್ ಚಕ್ರದಲ್ಲೇ ನೇತಾಡುತ್ತದೆ.

ಈಗ ಕ್ಯಾಪಿನಿಂದ ರಿಮ್ಮಿಗೆ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಎರಡು ಕಿ.ಮೀ. ಓಡಿಸಿ. ಹಳ್ಳ ಹಾರಿಸಿ, ನಾಲ್ಕೈದು ಸಲ ಜೋರಾಗಿ ಬ್ರೇಕ್ ಹಾಕಿ. ಇಳಿದು ನೋಡಿ. ಗೆರೆ ಎರಡು ತುಂಡಾಗಿದ್ದರೆ ಕ್ಯಾಪ್ ಸುತ್ತಿದೆ, ನಾಲಿಗೆ ಸಡಿಲ. ಗೆರೆ ಸರಿಯಿದ್ದು ಒಂದು ಕಡೆ ಸಂದು ಕಂಡರೆ ಅಲ್ಲಿಯ ಕ್ಲಿಪ್ ಸೋತಿದೆ, ತೆಗೆದು ತುದಿಯನ್ನು ಸ್ವಲ್ಪ ಹೊರಗೆ ಬಗ್ಗಿಸಿ. ಚಕ್ರದ ಹತ್ತಿರ ಕೈ ಹಿಡಿದು ಬಿಸಿಯನ್ನೂ ನೋಡಿ. ಕ್ಯಾಪ್ ಇಲ್ಲದಿದ್ದಾಗಿನ ಬಿಸಿಗಿಂತ ತುಂಬಾ ಜಾಸ್ತಿ ಅನ್ನಿಸಿದರೆ ಸೀಳು ದೊಡ್ಡದು ಮಾಡಿ.

ತೆಗೆಯುವಾಗ ಕೇಬಲ್ ಟೈ ಕತ್ತರಿಸಿ, ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ. ಟಯರ್ ಲಿವರ್ ತುದಿಗೆ ಬಟ್ಟೆ ಸುತ್ತಿ ಕ್ಲಿಪ್ ಇರುವ ಜಾಗದಲ್ಲೇ ಮೀಟಬೇಕು. ಎರಡು ಕ್ಲಿಪ್‌ಗಳ ನಡುವೆ ಮೀಟಿದರೆ ಅಂಚು ಸೊಟ್ಟಗಾಗುತ್ತದೆ. ಒಳ ಅಂಚು ಕೈ ಕೊಯ್ಯುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಸ್ಟೆಪ್ನಿಗೆ ಕ್ಯಾಪ್ ಹಾಕಬೇಡಿ, ಪಂಕ್ಚರ್ ಆದಾಗ ಕೆಲಸ ಎರಡಾಗುತ್ತದೆ. ಅಂದ ಹಾಗೆ, ಈ ಸ್ಟೆಪ್ನಿ ಅನ್ನುವ ಮಾತು ಬಂದದ್ದು ಬ್ರಿಟನ್ನಿನ ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಮೊದಲು ಬಿಡಿ ಚಕ್ರ ಮಾಡಿ ಮಾರಿದರು. ಆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಉಳಿದಿದೆ. ನನ್ನ ಸ್ಟೆಪ್ನಿ ಪಕ್ಕದಲ್ಲಿ ಒಂದು ಲಿವರ್, ಹಳೇ ಬಟ್ಟೆ, ಹತ್ತು ಕೇಬಲ್ ಟೈ, ನಾಲ್ಕು ಬಿಡಿ ಕ್ಲಿಪ್ ಒಂದು ಡಬ್ಬದಲ್ಲಿ ಇರುತ್ತವೆ.